ಐದನೇ ಚುಕ್ಕಿ

ಮಕ್ಕಳ ಸ್ವಭಾವ ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಹದಿನೆಂಟು ವರ್ಷದ ಸರ್ವಿಸು. ಜೂನ್ ಮುಗಿಯುವುದರೊಳಗೆ ಯಾವುದು ಹಠಮಾರಿ, ಯಾವುದು ಅಳುಬುರುಕ ಎಂದು ವಹಿಯಲ್ಲಿ ಬರೆದುಬಿಡುತ್ತಿದ್ದೆ. ಬರೆದದ್ದನ್ನು ತಿದ್ದುವ ಅಭ್ಯಾಸ ಮಾತ್ರ ಇರಲಿಲ್ಲ.

ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯಿಂದ ಟೆಂಪೊ ಹಿಡಿದು ಹೋಗುವ ಹಳ್ಳಿ ಶಾಲೆ ನನ್ನದು. ಮೂರನೇ ಕ್ಲಾಸಿನಲ್ಲಿ ಹತ್ತೊಂಬತ್ತು ಮಕ್ಕಳು. ಹೀರಾ ಎಂಬ ಹುಡುಗಿಯ ಹೆಸರಿನ ಮುಂದೆ ‘ಶಾಂತ ಸ್ವಭಾವ, ಏನೂ ತೊಂದರೆ ಇಲ್ಲ’ ಎಂದು ಬರೆದಿದ್ದೆ. ಅವಳ ಪಕ್ಕ ಕೂರುವ ಪ್ರೇಕ್ಷಾಳ ಮುಂದೆ ‘ಬಾಯಿಬಡಕಿ, ಇಲ್ಲದ್ದು ಹೇಳುತ್ತಾಳೆ’ ಎಂದು. ಕ್ಲಾಸು ಸುಮ್ಮನಿರಲೆಂದು ಒಂದು ಉಪಾಯವನ್ನೂ ಹೂಡಿದ್ದೆ. ದಿನವಿಡೀ ಜಾಗದಿಂದ ಏಳದೆ, ಏನನ್ನೂ ಕೇಳದೆ ಕೂತ ಮಗುವಿಗೆ ಗೋಡೆಯ ಚಾರ್ಟಿನಲ್ಲಿ ಒಂದು ಕೆಂಪು ಚುಕ್ಕಿ. ವಾರದಲ್ಲಿ ಐದು ಚುಕ್ಕಿಯಾದರೆ ಶನಿವಾರ ಎಲ್ಲರೆದುರು ನಿಂತು ಪ್ರಾರ್ಥನೆ ಹೇಳಿಕೊಡುವ ಮಾನ. ಬೇರೆ ಶಾಲೆಯ ಮಾಸ್ತರರು ಬಂದು ಇದನ್ನು ನೋಡಿ ಬರೆದುಕೊಂಡು ಹೋಗಿದ್ದರು.

ಆ ಶುಕ್ರವಾರದ ಹೊತ್ತಿಗೆ ಹೀರಾಳಿಗೆ ನಾಲ್ಕು ಚುಕ್ಕಿಯಾಗಿತ್ತು. ಬಿಸಿಯೂಟಕ್ಕೆ ಮೊದಲು ಪ್ರೇಕ್ಷಾ ಎದ್ದು ನಿಂತಳು.

“ಅಕ್ಕೋರೆ, ಹೀರಾ ಹೊಟ್ಟೆ ಹಿಡ್ಕಂಡ್ ಕೂತದೆ. ಬೆವರ್ತಾ ಅದೆ.”

“ನೋಯ್ತದೇನೇ ಹೀರಾ?” ಎಂದೆ.

ಹೀರಾ ಒಮ್ಮೆ ಚಾರ್ಟು ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು.

“ಅದಕ್ಕೇ ಇಲ್ಲದ ನೋವು ನಿಂಗೆಂತಕ್ಕೆ? ಬಾಯಿ ಮುಚ್ಕಂಡ್ ಕೂತ್ಕ,” ಎಂದು ಪ್ರೇಕ್ಷಾಳನ್ನು ಗದರಿದೆ.

ಊಟವಾದ ಮೇಲೆ ಅವಳು ಮತ್ತೆ ಎದ್ದಳು. “ಅದು ಅನ್ನ ಮುಟ್ಲಿಲ್ಲ ಅಕ್ಕೋರೆ.” ಈ ಸಲ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ನಾಲ್ಕು ಗಂಟೆಗೆ ನನ್ನ ಕೈಯಾರೆ ಐದನೇ ಚುಕ್ಕಿ ಇಟ್ಟೆ. ಹೀರಾ ನಕ್ಕಳು. ಬೆಲ್ಲು ಹೊಡೆದಾಗ ಏಳಲು ಹೋಗಿ ಅಲ್ಲೇ ಬಿದ್ದಳು.

ರಿಕ್ಷಾದಲ್ಲಿ ಅಂಕೋಲೆಗೆ, ಅಲ್ಲಿಂದ ಅಂಬುಲೆನ್ಸಿನಲ್ಲಿ ಕಾರವಾರಕ್ಕೆ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. ಬೆಳಿಗ್ಗೆಯೇ ತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೇ ಬಿಟ್ಟರು. ಭಾನುವಾರ ಮಧ್ಯಾಹ್ನ ಮಗು ಹೋಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಅವಳ ತಾಯಿ ಬೊಮ್ಮು ನನ್ನ ಕೈ ಹಿಡಿದುಕೊಂಡಳು. ಅಂಕೋಲೆ ಪೇಟೆಯಲ್ಲಿ ಹರಿವೆ, ಬಸಳೆ ಮಾರುವ ಹೆಂಗಸು. “ಬೆಳಗಾಮುಂಚೆಯೇ ನೋವು ಅಂತಿತ್ತು. ನಂಗೆ ಸೊಪ್ಪು ತಕಂಡ್ ಪ್ಯಾಟಿಗೆ ಹೋಗ್ಬೇಕಿತ್ತು. ಜಾಸ್ತಿಯಾದ್ರೆ ಅಕ್ಕೋರಿಗೆ ಹೇಳು ಅಂದಿದ್ದೆ. ಯಾಕೆ ಹೇಳ್ಲಿಲ್ವೋ ಏನೋ.”

ಯಾಕೆಂದು ನನಗೆ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಈಗ ಹೇಳಿದರೆ ಪಾಪ, ಅವಳ ಸಂಕಟ ಹೆಚ್ಚಾಗುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜಕ್ಕೂ ನನಗಿದ್ದದ್ದು ನನ್ನದೇ ಹೆದರಿಕೆ. ಸೋಮವಾರ ಯಾರೂ ಬರುವ ಮೊದಲೇ ಶಾಲೆಗೆ ಹೋಗಿ ಚಾರ್ಟು ಹರಿದು ಬಿಸಿಯೂಟದ ಒಲೆಗೆ ಹಾಕಿ ಸುಟ್ಟೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪ್ರೇಕ್ಷಾ ಮಾತ್ರ ಅಂದಿನಿಂದ ನನ್ನ ಹತ್ತಿರ ಮಾತಾಡುವುದನ್ನು ಬಿಟ್ಟಳು.

ಈ ಜೂನಿನಲ್ಲಿ ಬೊಮ್ಮು ಚಿಕ್ಕ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಕರೆತಂದಳು. ದಾಖಲೆ ಪುಸ್ತಕ ತೆರೆದು ಮಗುವಿನ ಹೆಸರು ಕೇಳಿದೆ. ಮಗು ತುಟಿ ಬಿಗಿದುಕೊಂಡು ತಾಯಿಯ ಮುಖ ನೋಡಿತು.

“ಇದಕ್ಕೆ ಬಾಯಿ ಜೋರಿತ್ತು ಅಕ್ಕೋರೆ,” ಎಂದಳು ಬೊಮ್ಮು. “ಹೊಡ್ದು ಹೊಡ್ದು ಸುಮ್ನಿರೂಕೆ ಕಲ್ಸಿದ್ದೆ. ನಿಮ್ಮ ಕೈಲಿ ಐದು ಚುಕ್ಕಿ ತಕಂಡೆ ಅಂತ ಆಸ್ಪತ್ರೇಲೂ ಹೇಳ್ತಿದ್ದ ಹುಡುಗಿಯ ತಂಗಿ ಅಲ್ವಾ? ಇನ್ನು ಎಂತಾದ್ರೂ ನಿಮ್ಗೆ ತ್ರಾಸು ಕೊಡೂದಿಲ್ಲ.”