ಹಚ್ಚೊಳ್ಳಿಯಲ್ಲಿ ಆಡಿದ ಮಾತು

ಡಿಗ್ರಿ ಪರೀಕ್ಷೆ ಮುಗಿದ ಮೇಲೆ ಜಯಶೀಲಾ ತನ್ನ ಒಂದು ವರ್ಷವನ್ನು ಊರೂರು ತಿರುಗಿ ಸುವಾರ್ತೆ ಸಾರುವ ಯೌವನಸ್ಥರ ಸೇವೆಗೆ ಕೊಡುತ್ತೇನೆಂದಾಗ ಅವಳ ತಾತ ಮಾರೆಣ್ಣ ಬೇಡವೆನ್ನಲಿಲ್ಲ. ಅವನು ಬಳ್ಳಾರಿಯ ಕೌಲ್ ಬಜಾರಿನ ಹಳೆಯ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿದ್ದವನು. ವಾರವೆಲ್ಲ ಜೀನ್ಸ್ ಪ್ಯಾಂಟುಗಳಿಗೆ ಇಸ್ತ್ರಿ ಹಾಕಿ, ಭಾನುವಾರ ಬಿಳಿ ಅಂಗಿ ತೊಟ್ಟು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂಡುವವನು. ತಂದೆತಾಯಿ ಇಲ್ಲದ ಮೊಮ್ಮಗಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದ. ಅವಳಿಗೆ ಅವನು ಕಲಿಸಿದ್ದು ಹೆಚ್ಚೇನಿಲ್ಲ. ದೇವರ ಮುಂದೆ ನಿಂತು ಆಡಿದ ಮಾತು ಸುಳ್ಳಾಗಬಾರದು ಎಂಬುದನ್ನು ಮಾತ್ರ ಮತ್ತೆ ಮತ್ತೆ ಹೇಳಿದ್ದ.

ಅವನಿಗೆ ಇದ್ದದ್ದು ಒಂದೇ ಚಿಂತೆ. ಜಯಶೀಲಾಳಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಬೆಳಿಗ್ಗೆ, ಸಂಜೆ ಗುಳಿಗೆ ನುಂಗತೊಡಗಿದ ಮೇಲೆ ನಿಂತಿತ್ತು. ಕಾಲೇಜಿನಲ್ಲಿ ಯಾರಿಗೂ ಗೊತ್ತಾಗದಷ್ಟು ನಿಂತಿತ್ತು.

ಬಸ್ಸು ಹತ್ತಿಸುವಾಗ ಅವನು ಹೇಳಿದ, "ಗುಳಿಗಿ ಮರೀಬ್ಯಾಡ ಮಗಳ."

"ನಿನ್ನ ಹೆಸ್ರು ಮರತ್ರೂ ಗುಳಿಗಿ ಮರಿಯಂಗಿಲ್ಲ, ಹೋಗು ತಾತ."

"ನನ್ನ ಹೆಸ್ರು ಮರತ್ರ ನಡಿತೈತಿ ಬಿಡು."

ಸೇವೆಯ ತಂಡ ಸಿರುಗುಪ್ಪದಲ್ಲಿ ಒಂದು ಬಾಡಿಗೆ ಮನೆಯಲ್ಲಿತ್ತು. ತಂಡದ ನಾಯಕ ಸಂಪತ್ ಬ್ರದರ್ ಇನ್ನೂ ಯುವಕ, ಮೆತ್ತನೆಯ ದನಿಯವನು, ಗಿಟಾರು ಚೆನ್ನಾಗಿ ನುಡಿಸುತ್ತಿದ್ದ. ಅವನು ಗದರಿದ್ದನ್ನು ಯಾರೂ ಕೇಳಿದವರಿಲ್ಲ. ಸೇವೆಗೆ ಬಂದ ಪ್ರತಿಯೊಬ್ಬರೂ ಊರೂರಿನ ಕೂಟಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು. ಅಂದರೆ ಕರ್ತನು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ತಮ್ಮ ಬಾಯಿಂದಲೇ ಜನರಿಗೆ ತಿಳಿಸಬೇಕು.

ಮೋಕ ಎಂಬ ಊರಿನ ಕೂಟದಲ್ಲಿ ಜಯಶೀಲಾ ಇದ್ದದ್ದನ್ನು ಇದ್ದಂತೆ ಹೇಳಿದಳು. ನನಗೆ ಮೂರ್ಛೆ ಬರುತ್ತಿತ್ತು, ತಾತ ಪ್ರಾರ್ಥಿಸಿದ, ದೇವರು ಒಳ್ಳೆಯ ವೈದ್ಯರನ್ನು ತೋರಿಸಿದ, ಗುಳಿಗೆಯಿಂದ ಈಗ ಆರಾಮಾಗಿದ್ದೇನೆ ಎಂದಳು. ಜನ ಆಕಳಿಸಿದರು. ವಾಪಸು ಬರುವಾಗ ಟೆಂಪೋದಲ್ಲಿ ಸಂಪತ್ ನಗುತ್ತ ಹಿಂತಿರುಗಿ ನೋಡಿದ.

"ಸಾಕ್ಷಿ ಚೊಲೋ ಇತ್ತು ಸಿಸ್ಟರ್. ನಡುವ ಗುಳಿಗಿ ಯಾಕ ತಂದ್ರಿ? ಮಹಿಮಿ ದೇವ್ರಿಗೆ ಹೋಗ್ಬೇಕೋ, ಮೆಡಿಕಲ್ ಶಾಪಿನವಗೋ?"

"ಮುಂದಿನ ಕೂಟಕ್ಕ ಅವನ ಕಡಿಂದನ ಕಾಣಿಕಿ ಕೇಳ್ರಿ ಬ್ರದರ್" ಎಂದಳು ಜೊತೆಯ ಹುಡುಗಿ ಎಸ್ತೇರು. ಎಲ್ಲರೂ ನಕ್ಕರು. ಜಯಶೀಲಾ ಕೂಡ ನಕ್ಕಳು.

ಮುಂದಿನ ಊರುಗಳಲ್ಲಿ ಅವಳು ಗುಳಿಗೆಯ ಮಾತು ಬಿಟ್ಟಳು. ಹೇಳದೆ ಬಿಟ್ಟದ್ದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಈಗ ಜನ ಆಕಳಿಸಲಿಲ್ಲ, ಅತ್ತರು. ಸಂಪತ್ ಅವಳ ಸಾಕ್ಷಿಯನ್ನು ಎಲ್ಲರಿಗಿಂತ ಕೊನೆಗೆ ಇಡತೊಡಗಿದ.

ಹಚ್ಚೊಳ್ಳಿಯಲ್ಲಿ ಕೂಟ ಮುಗಿದ ಮೇಲೆ ಜಡೆಮ್ಮ ಎಂಬ ಹೆಂಗಸು ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಹೊತ್ತುಕೊಳ್ಳುವ ವಯಸ್ಸನ್ನು ಆ ಹುಡುಗಿ ದಾಟಿದ್ದಳು. ನಡೆಯುವಾಗ ಎಲ್ಲಿ ಬೀಳುತ್ತಾಳೋ ಎಂದು ತಾಯಿ ಇಳಿಸುತ್ತಿರಲಿಲ್ಲ.

"ಯಕ್ಕಾ, ನನ್ನ ಮಗಳಿಗೂ ನಿನ್ನ ಬ್ಯಾನೀನ ಐತಿ. ಬಳ್ಳಾರಿ ಡಾಕ್ಟ್ರು ಗುಳಿಗಿ ಬರದಾರ. ನುಂಗಿದ್ರ ದಿನಾ ಮಲಗಿರ್ತಾಳ. ಖರೆ ಹೇಳು, ನೀ ಗುಳಿಗಿ ತಗೊಂತೀಯೇನು?"

ಸಂಪತ್ ಪಕ್ಕದಲ್ಲೇ ನಿಂತಿದ್ದ. ಅವನು ಜಯಶೀಲಾಳನ್ನು ನೋಡಿದ ಅಷ್ಟೆ. ಸುತ್ತ ನಿಂತ ಹೆಂಗಸರೂ ಅವಳನ್ನೇ ನೋಡುತ್ತಿದ್ದರು.

"ಇಲ್ಲ" ಎಂದಳು ಜಯಶೀಲಾ.

ಜಡೆಮ್ಮ ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ಸಂಜೆಯಿಂದ ಜಯಶೀಲಾ ಗುಳಿಗೆ ನುಂಗಲಿಲ್ಲ. ದೇವರ ಹೆಸರಿನಲ್ಲಿ ಕೂಡಿದ ಜನರ ನಡುವೆ ಇಲ್ಲವೆಂದಿದ್ದಳು. ಆ ಮಾತನ್ನು ನಿಜ ಮಾಡಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ಹೊಸ ಗುಳಿಗೆಗಳನ್ನು ಕೊಡಲು ಮಾರೆಣ್ಣ ಸಿರುಗುಪ್ಪಕ್ಕೆ ಬಂದಾಗ ಹಳೆಯವು ಚೀಲದಲ್ಲಿ ಹಾಗೆಯೇ ಇದ್ದವು. ಅವನು ಕೇಳಿದ, ಅವಳು ಎಲ್ಲವನ್ನೂ ಹೇಳಿದಳು. ಮುದುಕ ಚೀಲದಿಂದ ಒಂದು ಗುಳಿಗೆ ತೆಗೆದು ಅವಳ ಮುಂದೆ ಹಿಡಿದ.

"ಈಗ ನುಂಗು" ಎಂದ. "ನನ್ನ ಮುಂದ ನುಂಗು."

"ನುಂಗಿದ್ರ ಆಕಿಗೆ ಹೇಳಿದ್ದು ಸುಳ್ಳಾಗತೈತಿ ತಾತ."

"ಸುಳ್ಳು ಆಗ್ಲೇ ಆಗೈತಿ ಹುಚ್ಚಿ! ನೀ ಸತ್ರ ಅದು ಖರೆ ಆಕೈತೇನು? ಆ ಕೂಸಿನ ಗುಳಿಗೀನೂ ನಿಲ್ಲಿಸಿರ್ತಾಳ ಅವರವ್ವ. ಅದನ್ನ ನೋಡು ಮೊದಲು."

ಜಯಶೀಲಾ ಆ ಮಗುವನ್ನು ನೆನೆದೇ ಇರಲಿಲ್ಲ. ತನ್ನ ಮಾತನ್ನು ಉಳಿಸಿಕೊಳ್ಳುವುದರಲ್ಲಿಯೇ ಮುಳುಗಿದ್ದಳು. ಕೂಡಲೇ ಎದ್ದು ಸಂಪತ್ತನ ಬಳಿಗೆ ಹೋಗಿ, ಹಚ್ಚೊಳ್ಳಿಗೆ ಹೋಗಿ ನಿಜ ಹೇಳಿ ಬರುತ್ತೇನೆ ಎಂದಳು.

ಸಂಪತ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. "ಹೋಗ್ರಿ ಸಿಸ್ಟರ್, ಬ್ಯಾಡನ್ನಂಗಿಲ್ಲ. ನಾಳಿ ಕುರುಗೋಡದ ದೊಡ್ಡ ಕೂಟ ಮುಗೀಲಿ. ಈಗ ಹೋದ್ರ ಒಂದು ಊರಿನ ವಿಶ್ವಾಸ ಒಡೀತೈತಿ, ಅದರ ಲೆಕ್ಕ ದೇವ್ರಿಗೆ ಯಾರು ಕೊಡೋರು? ನೀವು ಕೊಡ್ತೀರೇನು?" ಆಮೇಲೆ ಮಾರೆಣ್ಣನ ಕಡೆ ತಿರುಗಿ, "ಹಿರಿಯರು ನೀವು. ಸೇವಿಗೆ ಕೊಟ್ಟ ಹುಡುಗಿ ಹಿಂದ ಬೀಳಬಾರದು. ನಿಮ್ಮ ಪ್ರೀತಿನ ಆಕಿಗೆ ಸೆರಿಮನಿ ಆಗಾಕತ್ತೈತಿ" ಎಂದು ಕೈಮುಗಿದ.

"ಮನಿಗೆ ನಡಿ" ಎಂದ ಮಾರೆಣ್ಣ ಮೊಮ್ಮಗಳಿಗೆ.

"ಕುರುಗೋಡದಾಗ ಎಲ್ಲಾರ ಮುಂದ ಹೇಳ್ತೀನಿ ತಾತ. ಹಚ್ಚೊಳ್ಳಿ ಮಂದೀನೂ ಬರ್ತಾರ ಅಲ್ಲಿಗೆ. ಹೇಳಿದ ಮ್ಯಾಲ ಗುಳಿಗಿ ನುಂಗ್ತೀನಿ. ಅಲ್ಲೀತನಕ ಕೇಳಬ್ಯಾಡ."

ಅವಳನ್ನು ಹಾಗೆ ಬೆಳೆಸಿದವನು ಅವನೇ. ಎಷ್ಟು ಅಂಗಲಾಚಿದರೂ ಅವಳು ಕದಲಲಿಲ್ಲ.

ಕುರುಗೋಡಿನಲ್ಲಿ ಶಾಮಿಯಾನದ ತುಂಬ ಜನ ಸೇರಿದ್ದರು. ಮಾರೆಣ್ಣ ಮುಂದಿನ ಸಾಲಿನಲ್ಲಿ ಕುಳಿತು ಕತ್ತು ಹೊರಳಿಸಿ ಹೊರಳಿಸಿ ಜಡೆಮ್ಮನನ್ನು ಹುಡುಕಿದ. ಮಗಳನ್ನೆತ್ತಿದ ಹೆಂಗಸು ಎಲ್ಲೂ ಕಾಣಲಿಲ್ಲ. ಜಯಶೀಲಾ ಮೈಕು ಹಿಡಿದಳು.

"ಹಚ್ಚೊಳ್ಳಿಯ ಒಬ್ಬ ತಾಯಿ ನನ್ನನ್ನು ಒಂದು ಮಾತು ಕೇಳಿದರು. ನಾನು ಅವರಿಗೆ..."

ಅಲ್ಲಿಗೆ ಮಾತು ನಿಂತಿತು. ಅವಳ ಕುತ್ತಿಗೆ ಒಂದು ಕಡೆಗೆ ಸೆಟೆಯಿತು. ಮೈಕಿನ ಸಮೇತ ವೇದಿಕೆಯ ಹಲಗೆಯ ಮೇಲೆ ಬಿದ್ದಳು.

ಸಂಪತ್ ಮೈಕು ಎತ್ತಿಕೊಂಡ. "ನೋಡಿರಿ! ಸಾಕ್ಷಿ ಪೂರ್ತಿಯಾಗಲು ಸೈತಾನ ಬಿಡುತ್ತಿಲ್ಲ! ಎಲ್ಲರೂ ದನಿಯೆತ್ತಿ ಪ್ರಾರ್ಥಿಸಿರಿ!" ಜನ ಕೂಗಿದರು. ಹುಡುಗರು ಅವಳ ಕೈಕಾಲು ಒತ್ತಿ ಹಿಡಿದರು. ಒಬ್ಬ ಅವಳ ಹಣೆಯ ಮೇಲೆ ಅಂಗೈ ಊರಿ ತಲೆಯನ್ನು ಹಲಗೆಗೆ ಅದುಮಿದ.

"ಬಿಡ್ರೋ! ಮಗ್ಗಲಿಗೆ ಹೊರಳಿಸ್ರೋ! ಅದು ಬ್ಯಾನಿ, ದೆವ್ವ ಅಲ್ಲ!" ಎನ್ನುತ್ತ ಮಾರೆಣ್ಣ ಮೆಟ್ಟಿಲು ಹತ್ತಿದ.

"ತಾತ, ಅವಿಶ್ವಾಸದ ಮಾತು ಆಡಬ್ಯಾಡ್ರಿ, ಆಕಿಗೆ ಅಡ್ಡ ಆಕೈತಿ" ಎಂದು ಇಬ್ಬರು ಹುಡುಗರು ಅವನ ರಟ್ಟೆ ಹಿಡಿದು ಕೆಳಗಿಳಿಸಿದರು. ಗೌರವದಿಂದಲೇ ಇಳಿಸಿ ಕುರ್ಚಿ ಕೊಟ್ಟರು. ಏಳದಂತೆ ಹೆಗಲು ಹಿಡಿದುಕೊಂಡರು. ಅವನು ಕಿರುಚಿದ್ದು ಆ ಕೂಗಿನಲ್ಲಿ ಯಾರಿಗೂ ಕೇಳಲಿಲ್ಲ. ಮೊಮ್ಮಗಳ ಪಾದಗಳು ಹಲಗೆಗೆ ಬಡಿಯುವುದು ಅವನಿಗೆ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಅವು ನಿಂತವು. ಜನ ಹಲ್ಲೆಲೂಯ ಎಂದರು.

ಬಳ್ಳಾರಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವಳ ಉಸಿರು ಇರಲಿಲ್ಲ. ಅದು ಯಾವಾಗ ಹೋಯಿತೆಂದು ಯಾರಿಗೂ ತಿಳಿಯದು.

ಸಮಾಧಿಯ ಬಳಿ ಸಂಪತ್ ಅತ್ತ. ಆ ಅಳು ನಿಜವಾದದ್ದೇ. "ಸಾಕ್ಷಿ ಹೇಳುತ್ತಲೇ ನಮ್ಮ ಸಹೋದರಿ ಕರ್ತನ ಸನ್ನಿಧಿಗೆ ಹೋದಳು. ಇಂಥ ಮರಣ ಎಷ್ಟು ಜನಕ್ಕೆ ಸಿಗುತ್ತದೆ?" ಎಂದ. ಕೂಡಿದವರು ಸ್ತೋತ್ರ ಎಂದರು. ಮಾರೆಣ್ಣ ಅವನೊಡನೆ ವಾದಕ್ಕೆ ನಿಲ್ಲಲಿಲ್ಲ. ಮೊಮ್ಮಗಳು ಪೂರ್ತಿ ಮಾಡದೆ ಬಿಟ್ಟ ಮಾತು ಒಂದಿತ್ತು. ಅದನ್ನು ಹೇಳುವುದಕ್ಕಾಗಿ ಬಸ್ಸು ಹತ್ತಿ ಹಚ್ಚೊಳ್ಳಿಗೆ ಹೋದ.

ಜಡೆಮ್ಮ ಮನೆಯಲ್ಲಿಯೇ ಇದ್ದಳು. ಯಾರ ತಾತನೆಂದು ತಿಳಿದ ಕೂಡಲೇ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದಳು. "ಆ ಅಕ್ಕ ಹೆಂಗದಾರ್ರಿ? ಕುರುಗೋಡಿಗೆ ಬರಾಕ ಆಗ್ಲಿಲ್ಲ ನಮಗ, ನಾಟಿ ಕೆಲಸ ಇತ್ತು."

"ತೀರ್ಕೊಂಡ್ಲವ್ವಾ."

ಜಡೆಮ್ಮ ನೆಲಕ್ಕೆ ಕುಸಿದು ಅತ್ತಳು. "ಏನಾಗಿತ್ರೀ?"

"ಅದ ಬ್ಯಾನಿ. ನಿನಗ ಸುಳ್ಳು ಹೇಳಿದ್ಲು. ದಿನಾ ಗುಳಿಗಿ ನುಂಗತಿದ್ಲು, ನಿನಗ ಇಲ್ಲ ಅಂದ ಮ್ಯಾಲ ಬಿಟ್ಲು. ಬಿಟ್ಟದ್ದಕ್ಕ ಸತ್ಲು. ನಿನ್ನ ಮಗಳಿಗೆ ಇವತ್ತ ಗುಳಿಗಿ ಕೊಡವ್ವಾ. ಅದನ್ನ ಹೇಳಾಕ ಬಂದೀನಿ."

"ಹಂಗನ್ನಬ್ಯಾಡ್ರಿ ತಾತ. ಆಕಿ ಮಾರಿ ನೋಡೀನಿ ನಾ. ಸುಳ್ಳು ಹೇಳೋ ಮಾರಿ ಅಲ್ಲ ಅದು."

"ಸಾಕಿದವ ಹೇಳಾಕತ್ತೀನಿ. ಸುಳ್ಳು ಹೇಳಿದ್ಲು ನನ್ನ ಮೊಮ್ಮಗಳು."

ಜಡೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ಮರುಕದಿಂದ ನೋಡಿದಳು. "ಸಂಕಟದಾಗ ಅದೀರಿ, ಅದಕ್ಕ ಹಿಂಗಂತೀರಿ. ಕಡೀಕ ಆಕಿಗೆ ವಿಶ್ವಾಸ ಕಮ್ಮಿ ಆಗಿರಬೇಕ್ರಿ ತಾತ. ನಮ್ದು ಗಟ್ಟಿ ಐತಿ." ಒಳಗಿನಿಂದ ಮಗಳನ್ನು ಕರೆದಳು. "ನೋಡ್ರಿ, ಈಗ ಇಳಿಸಿಬಿಟ್ಟೀನಿ. ಹೆಂಗ ಓಡಾಡ್ತಾಳ."

ಹುಡುಗಿ ಓಡಿ ಬಂದು ಅವನ ಎದುರು ನಿಂತಳು. ಕೆಳತುಟಿಯಲ್ಲಿ ಹಲ್ಲು ನಾಟಿದ ಹಸಿ ಗಾಯವಿತ್ತು.

"ಇದೇನವ್ವಾ?"

"ಬಚ್ಚಲದಾಗ ಜಾರಿ ಬಿದ್ಲು" ಎಂದಳು ಜಡೆಮ್ಮ.

"ಬಿದ್ದದ್ದು ನೆನಪೈತೇನು ಮಗಳ?" ಎಂದು ಮಾರೆಣ್ಣ ಹುಡುಗಿಯನ್ನೇ ಕೇಳಿದ.

ಅವಳು ತಾಯಿಯ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದಳು.

"ಮಕ್ಕಳಿಗೇನ್ ನೆನಪಿರತೈತ್ರಿ" ಎಂದು ಜಡೆಮ್ಮ ಅವಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಊಟ ಮಾಡದ ಕಳಸಂಗಿಲ್ಲ ನಿಮ್ಮನ್ನ."

ತಟ್ಟೆಗೆ ಬಿಸಿ ಅನ್ನ, ಬೇಳೆ ಸಾರು ಬಡಿಸಿದಳು. ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕಣ್ಣು ಮುಚ್ಚಿ, ತೀರಿಹೋದ ಅಕ್ಕನ ಸಾಕ್ಷಿಯಿಂದ ತನ್ನ ಮನೆಗೆ ಬಿಡುಗಡೆ ಬಂತೆಂದು ಕರ್ತನಿಗೆ ಸ್ತೋತ್ರ ಹೇಳಿದಳು. ಹಿರಿಯನು ಆಮೆನ್ ಎನ್ನಲೆಂದು ಕಣ್ಣು ತೆರೆಯದೆ ಕಾದಳು.

ಮಾರೆಣ್ಣನ ಬಾಯಿ ತೆರೆಯಲಿಲ್ಲ. ಹುಡುಗಿಗೆ ಹಸಿವಾಗಿತ್ತು, ಅವಳೇ ಆಮೆನ್ ಎಂದು ಅನ್ನಕ್ಕೆ ಕೈಹಾಕಿದಳು.