ಕುರ್ಚಿ ಹಾಡಿನಲ್ಲಿ ನನ್ನ ಕೂಗು

ನಮ್ಮೂರು ನವೊಹೋವಾದಲ್ಲಿ ನನ್ನ ಮುಖ ಗೊತ್ತಿಲ್ಲದವರಿಗೂ ನನ್ನ ಗಂಟಲು ಗೊತ್ತು. ಪಿಕಪ್ ಗಾಡಿಯ ನೆತ್ತಿಗೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಕೂಗುವುದು ನನ್ನ ಕೆಲಸ. ಬಿಸಿ ತೋರ್ತಿಯಾ ರೊಟ್ಟಿ, ಹಳೇ ಫ್ರಿಜ್ಜು, ಕಳೆದುಹೋದ ನಾಯಿ, ತೀರಿಕೊಂಡ ಅಜ್ಜ, ಎಲ್ಲರೂ ನನ್ನ ಬಾಯಿಂದಲೇ ಹೊರಗೆ ಬರಬೇಕು. ಅಪ್ಪ ಅಮ್ಮ ಇಟ್ಟ ಹೆಸರು ನಬೋರ್. ಊರು ಇಟ್ಟ ಹೆಸರು ಬೊಸೀನಾ, ಅಂದರೆ ಸ್ಪೀಕರು.

ಸುಮ್ಮನೆ ಕೂಗಿದರೆ ಯಾರು ಕೇಳುತ್ತಾರೆ? ನಾನು ಸಿನಿಮಾ ಬೆರೆಸುತ್ತೇನೆ. ಪಕ್ಕದ ಮನೆಯ ಅಜ್ಜಿ ದೋನ್ಯಾ ಲಿಬ್ರಾದಾರ ಟಿವಿಯಲ್ಲಿ ಮಧ್ಯಾಹ್ನದ ಕಪ್ಪು-ಬಿಳುಪು ಸಿನಿಮಾ ನೋಡಿಕೊಂಡೇ ದೊಡ್ಡವನಾದೆ. ಮೀಸೆ ವಿಲನ್ ಕುದುರೆಯಿಂದ ಇಳಿಯುವ ಮೊದಲೇ ಅವನ ಮಾತು ನನ್ನ ಬಾಯಲ್ಲಿರುತ್ತಿತ್ತು. ಬಾಯಿಪಾಠ ಮುಗಿದ ಮೇಲೆ ನಾನೇ ಡೈಲಾಗು ಕಟ್ಟಿ, ಇಲ್ಲದ ಸಿನಿಮಾದ ಹೆಸರು ಹೇಳಿ, ಆ ಮುದುಕಿಯನ್ನು ನಂಬಿಸುತ್ತಿದ್ದೆ. ಈಗ ತೋರ್ತಿಯಾಕ್ಕೆ ವಿಲನ್ ದನಿ: ಬಾಗಿಲು ತೆಗೀರಿ, ತಪ್ಪಿಸ್ಕೊಳ್ಳೋ ದಾರಿ ಇಲ್ಲ, ಬಿಸಿ ಇದೆ. ಸಾವಿನ ಸುದ್ದಿಗೆ ಹೀರೋ ದನಿ. ಒಂದು ಸಲ ಅದಲು ಬದಲಾಗಿ ಪಾದ್ರಿಯಿಂದ ಬೈಸಿಕೊಂಡೆ. ಸತ್ತವನ ಹೆಂಡತಿ ಮಾತ್ರ ಮುಖ ಮುಚ್ಚಿಕೊಂಡು ನಕ್ಕಳು.

ಎವೆಲಿಯೋ ಆ ದೋನ್ಯಾ ಲಿಬ್ರಾದಾರ ಮೊಮ್ಮಗ. ಹೌದು, ಅದೇ ಎವೆಲಿಯೋ ಬುಯಿತಿಮೆಯಾ. ಈಗ ಅವನ ಮುಖ ಬಸ್ಸಿನ ಹಿಂಭಾಗದಲ್ಲೂ ಇದೆ, ಹುಡುಗಿಯರ ಫೋನಿನ ಕವರಿನಲ್ಲೂ ಇದೆ. ಆಗ ಮಾತ್ರ ಅವನು ಬಾಯಿ ಇದ್ದೂ ಇಲ್ಲದವನು. ಶಾಲೆಯಲ್ಲಿ ಮೇಷ್ಟ್ರು ಅವನನ್ನು ಕೇಳಿದರೆ ಉತ್ತರ ನಾನು ಹೇಳುತ್ತಿದ್ದೆ, ಅದೂ ತಪ್ಪು ಉತ್ತರ. ಏಟು ಇಬ್ಬರಿಗೂ ಬೀಳುತ್ತಿತ್ತು. ಅವನಪ್ಪ ಗಡಿಯ ಆಚೆ ಕಡೆ ದುಡಿಯಲು ಹೋದವನು ಮೊದಮೊದಲು ಫೋನು ಮಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಸಂಜೆ ಬಿಸಿಲು ಇಳಿದ ಮೇಲೆ ನಮ್ಮ ಓಣಿಯಲ್ಲಿ ಎಲ್ಲರೂ ಕುರ್ಚಿ ತಂದು ರಸ್ತೆ ಬದಿಗೆ ಹಾಕಿಕೊಂಡು ಕೂರುತ್ತಾರೆ. ದೋನ್ಯಾ ಲಿಬ್ರಾದಾ ತಮಗೊಂದು, ಎವೆಲಿಯೋಗೊಂದು ಹಾಕಿ, ಮಗನಿಗೂ ಒಂದು ಹಾಕುತ್ತಿದ್ದರು. ಖಾಲಿ ಕುರ್ಚಿ. ಅದರ ಮೇಲೆ ನಾನು ಕೂತರೆ ಪೊರಕೆ ಏಟು. ಹಾಗಾಗಿ ನನ್ನ ಪಾಲಿಗೆ ಬಂದದ್ದು ಬೋರಲು ಹಾಕಿದ ಬಕೆಟ್ಟು.

ಎವೆಲಿಯೋ ಆ ಕುರ್ಚಿಯ ಮೇಲೆ ಹಾಡು ಕಟ್ಟಿದ.

ಒಂದು ಭಾನುವಾರ ಅವರ ಹಿತ್ತಲ ಚಪ್ಪರದ ಕೆಳಗೆ ಕೆಂಡದ ಮೇಲೆ ಮಾಂಸ ಸುಡುತ್ತಿದ್ದೆವು. ಉಪ್ಪಿನ ಡಬ್ಬಿಗೆ ಫೋನು ಒರಗಿಸಿ ಅವನು ಹನ್ನೆರಡು ತಂತಿಯ ಗಿಟಾರು ಎತ್ತಿಕೊಂಡ. ನಮ್ಮ ಕಡೆಯ ಹಾಡಿನಲ್ಲಿ ಒಂದು ಪದ್ಧತಿ ಇದೆ. ಮೊದಲ ಚರಣ ಮುಗಿದು ಗಿಟಾರು ಒಂದೇ ಓಡುವ ಜಾಗದಲ್ಲಿ ಗೆಳೆಯನೊಬ್ಬ ಕೂಗಬೇಕು. ಯಾರೂ ಕೂಗದಿದ್ದರೆ ಹಾಡುವವನಿಗೆ ಯಾರೂ ಇಲ್ಲ ಅಂತ ಅರ್ಥ. ಅವನ ಗೆಳೆಯ ಅಂತ ಇದ್ದವನು ನಾನೊಬ್ಬ. ಆ ಜಾಗ ಬಂದಾಗ ನನ್ನ ಬಾಯಿ ತುಂಬ ಮಾಂಸ.

ಗಿಟಾರು ಓಡಿ ಮುಗಿಯಿತು. ಎವೆಲಿಯೋ ಎರಡನೇ ಚರಣಕ್ಕೆ ಹೋಗಲಿಲ್ಲ. ಕೈಯನ್ನು ತಂತಿಯಿಂದ ಮೇಲೆತ್ತಿ ನನ್ನನ್ನೇ ನೋಡುತ್ತಾ ಕಾದ. ನಾನು ನುಂಗಿದೆ, ಅದೂ ಆ ರೆಕಾರ್ಡಿನಲ್ಲಿ ಕೇಳಿಸುತ್ತದೆ, ಆಮೇಲೆ ವಿಲನ್ ದನಿಯಲ್ಲಿ ಕೂಗಿದೆ: "ಯಾರೂ ಅಲ್ಲಾಡ್ಬೇಡಿ! ಅಳೋದಕ್ಕೆ ಮಾತ್ರ ಪರ್ಮಿಷನ್ ಇದೆ!"

ಅವನು ಮೂಗಿನಲ್ಲೇ ನಕ್ಕು ಎರಡನೇ ಚರಣ ಎತ್ತಿಕೊಂಡ. ಹಾಡು ಮುಗಿದ ಮೇಲೆ, "ಲೇಟು ಕಣೋ" ಅಂದ.

"ಹೀರೋ ಯಾವತ್ತೂ ಲೇಟಾಗೇ ಬರೋದು."

"ನೀನು ವಿಲನ್ನು."

"ವಿಲನ್ ಬಂದ್ಮೇಲೇ ಮಗಾ ಕಥೆ ಶುರುವಾಗೋದು."

ಇನ್ನೊಂದು ಸಲ ಹಾಡು, ಈ ಸಲ ಸರಿಯಾಗಿ ಕೂಗುತ್ತೇನೆ ಅಂದೆ. ಬೇಡ, ಹೀಗೇ ಇರಲಿ ಅಂದ. ಹಾಗೇ ಫೋನಿನಿಂದ ಲೋಕಕ್ಕೆ ಬಿಟ್ಟ.

ಮುಂದಿನದು ಸಿನಿಮಾದಲ್ಲಾದರೆ ಒಂದೇ ಹಾಡಿನಲ್ಲಿ ತೋರಿಸುತ್ತಾರಲ್ಲ, ಹಾಗೆ ಆಯಿತು. ಟೊಮೇಟೊ ಲಾರಿಯವರು ಹಾಕಿಕೊಂಡರು, ಮದುವೆ ಮನೆಯವರು ಹಾಕಿಕೊಂಡರು, ಗಡಿಯ ಆಚೆ ಕಡೆ ಹೊಲದಲ್ಲಿ ದುಡಿಯುವವರು ಅದನ್ನು ಕೇಳಿ ಅಳುವ ವೀಡಿಯೊ ಕಳಿಸಿದರು. ಎಲ್ಲದರಲ್ಲೂ ನನ್ನ ಕೂಗು. ದೂರದ ಗ್ವಾದಲಹಾರಾ ನಗರದಿಂದ ಒಂದು ಕಂಪನಿಯವರು ಫೋನು ಮಾಡಿ, ಹಾಡನ್ನು ದೊಡ್ಡ ಸ್ಟುಡಿಯೋದಲ್ಲಿ ಮತ್ತೆ ರೆಕಾರ್ಡ್ ಮಾಡೋಣ ಅಂದರು. ಎವೆಲಿಯೋ ಹೊರಟ. ಕೂಗಿಗೆ ನೀನೂ ಬರಬೇಕು, ಹೇಳಿ ಕಳಿಸ್ತೀನಿ ಅಂದ. ನಾನು ಅಂಗಿ ಇಸ್ತ್ರಿ ಮಾಡಿ ಬಾಗಿಲ ಹಿಂದೆ ನೇತು ಹಾಕಿದೆ. ಅಂಗಿ ಅಲ್ಲೇ ನೇತಾಡುತ್ತಿರುವಾಗ ಹೊಸ ಹಾಡು ಬಂತು.

ಅದರಲ್ಲಿ ಕಹಳೆ ಇತ್ತು, ಪಿಟೀಲು ಇತ್ತು. ನನ್ನ ಡೈಲಾಗೂ ಇತ್ತು, ಅಕ್ಷರ ತಪ್ಪದೆ. ದನಿ ಮಾತ್ರ ಯಾವನೋ ರೇಡಿಯೋದವನದು. ಡಬ್ಬಿಂಗು. ಕೂಗು ಸರಿಯಾಗಿ ತಾಳದ ಮೇಲೇ ಬೀಳುತ್ತಿತ್ತು. ಕಾಯುವುದು, ನುಂಗುವುದು, ನಗುವುದು ಎಲ್ಲವನ್ನೂ ಕತ್ತರಿಸಿದ್ದರು. ಎವೆಲಿಯೋ ಫೋನು ಮಾಡಿ, ಅವರು ಒಂದೇ ದಿನದಲ್ಲಿ ಮುಗಿಸಿಬಿಟ್ಟರು, ಮುಂದಿನ ಸಲ ನೀನೇ ಅಂದ. ಪರವಾಗಿಲ್ಲ ಬಿಡೋ, ಸೀಕ್ವೆಲ್‌ನಲ್ಲಿ ಬರ್ತೀನಿ ಅಂದೆ. ಅವನು ನಗಲಿಲ್ಲ. ಫೋನಿನಲ್ಲಿ ಮೂಗಿನ ನಗು ಕೇಳಿಸುವುದಿಲ್ಲ ಅಂದುಕೊಂಡೆ.

ಆಮೇಲೆ ಊರಿಂದೂರಿಗೆ ಅವನ ಪ್ರವಾಸ. ಮೊದಲು ದಿನಾ ದನಿ ಕಳಿಸುತ್ತಿದ್ದ. ಹೋಟೆಲ್ಲಿನ ಕಿಟಕಿ ತೆಗೆಯೋಕೇ ಬರಲ್ಲ ಕಣೋ ಅಂತ, ಇಲ್ಲಿ ಕೊಡುವ ತೋರ್ತಿಯಾ ಕಾಗದದ ಹಾಗಿದೆ ಅಂತ. ಆಮೇಲೆ ಬರೀ ಹೆಬ್ಬೆರಳಿನ ಚಿತ್ರ. ಆಮೇಲೆ ನಂಬರೇ ಬದಲಾಯಿತು. ಹೊಸ ನಂಬರಿಗೆ ನಾನು ವಿಲನ್ ದನಿಯಲ್ಲಿ, ನಿನ್ನ ಅಜ್ಜಿ ನನ್ನ ವಶದಲ್ಲಿದ್ದಾಳೆ, ಜೀವಂತ ಬೇಕಾದರೆ ಊಟಕ್ಕೆ ಬಾ ಅಂತ ಕಳಿಸಿದೆ. ನಿಮ್ಮ ಅಭಿಮಾನಕ್ಕೆ ಧನ್ಯವಾದ, ಟಿಕೆಟ್ಟುಗಳು ಲಭ್ಯವಿವೆ ಅಂತ ಉತ್ತರ ಬಂತು. ಅವನು ಎಲ್ಲೆಲ್ಲಿ ಹಾಡಿದ ಎಂಬುದರ ವೀಡಿಯೊಗಳು ಬರುತ್ತಲೇ ಇದ್ದವು. ನಾನು ನೋಡುತ್ತಿರಲಿಲ್ಲ. ಸಾವಿರಾರು ಜನ ಸೇರಿ ನನ್ನ ಕೂಗು ಕೂಗುವುದನ್ನು ನಾನು ಹೊರಗೆ ನಿಂತು ಕೇಳಬೇಕಾ?

ದೋನ್ಯಾ ಲಿಬ್ರಾದಾರ ಮನೆಗೆ ಮೊಮ್ಮಗ ಹೊಸ ನೆಲ ಹಾಕಿಸಿದ, ಗೋಡೆಯಷ್ಟು ದೊಡ್ಡ ಟಿವಿ ಕಳಿಸಿದ. ಸಂಜೆ ಅವರು ಹಳೇ ಕುರ್ಚಿಗಳನ್ನೇ ಹಾಕುತ್ತಿದ್ದರು. ಈಗ ಎರಡು ಖಾಲಿ. ನಾನು ಬಕೆಟ್ಟಿನ ಮೇಲೆ.

ಹೀಗಿರುವಾಗ ಎವೆಲಿಯೋ ಊರಿಗೆ ಬರುವ ಸುದ್ದಿ ಬಂತು. ಬೇಸ್‌ಬಾಲ್ ಮೈದಾನದಲ್ಲಿ ಹಾಡುತ್ತಾನಂತೆ. ಅದನ್ನು ನಡೆಸುವವನು ಎಲ್ಲರೂ ಇಂಜಿನಿಯರ್ ಅಂತ ಕರೆಯುವ, ಏನೂ ಕಟ್ಟದ ಒಬ್ಬ ಬೂಟಿನ ಮನುಷ್ಯ. ಪ್ರಚಾರಕ್ಕೆ ನನ್ನನ್ನೇ ಕರೆದ. ನಾನು ಗಂಟಲು ಸರಿ ಮಾಡಿಕೊಂಡು ಹೋದರೆ ಪೆನ್‌ಡ್ರೈವ್ ಕೈಗಿಟ್ಟ.

"ನೀನು ಬಾಯಿ ಬಿಡ್ಬೇಡ. ಇದನ್ನ ಹಾಕ್ಕೊಂಡು ಗಾಡಿ ಓಡ್ಸು, ಸಾಕು."

ಸರ್, ಆ ಹಾಡಿನ ಮೊದಲ ಕೂಗು ನನ್ನದು, ಎವೆಲಿಯೋಗೆ ಒಂದು ಮಾತು ಮುಟ್ಟಿಸಿ, ವೇದಿಕೆಯಲ್ಲಿ ಒಂದೇ ಒಂದು ಸಲ ಕೂಗಿ ಇಳಿದು ಬರುತ್ತೇನೆ ಅಂದೆ. ಅವನು ನನ್ನ ಭುಜ ತಟ್ಟಿದ. "ಈ ವಾರ ಹಾಗಂದವ್ರಲ್ಲಿ ನೀನು ಎಷ್ಟನೆಯವ್ನೋ ಗೊತ್ತಿಲ್ಲ ಕಣಯ್ಯಾ. ನಮ್ ಡ್ರೈವರ್ರೂ ಅದನ್ನೇ ಅಂತಾನೆ."

ಆ ವಾರವೆಲ್ಲ ನನ್ನ ಗಾಡಿಯ ನೆತ್ತಿಯಿಂದ ಬೇರೆಯವನು ನಾನಾಗಿ ಕೂಗಿದ. ನಾನು ಬಾಯಿ ಮುಚ್ಚಿಕೊಂಡು ಸ್ಟೇರಿಂಗು ತಿರುಗಿಸಿದೆ. ತೋರ್ತಿಯಾ ಅಂಗಡಿಯ ಹೆಂಗಸು ಗಾಡಿ ನಿಲ್ಲಿಸಿ, ಗಂಟಲಿಗೇನಾಯ್ತೋ, ದನಿ ಇಷ್ಟೊಂದು ಚೆನ್ನಾಗಾಗಿದೆ, ಡಾಕ್ಟರಿಗೆ ತೋರಿಸು ಅಂದಳು. ನಮ್ಮ ಓಣಿಗೆ ಬಂದಾಗ ದೋನ್ಯಾ ಲಿಬ್ರಾದಾ ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. ಪೂರ್ತಿ ಕೇಳಿಸಿಕೊಂಡರು.

"ಅದು ನೀನಲ್ಲ."

"ಅಲ್ಲ, ದೋನ್ಯಾ."

"ಮತ್ಯಾಕೆ ಅವನನ್ನ ತಲೆ ಮೇಲೆ ಹೊತ್ಕೊಂಡು ಊರೆಲ್ಲ ತಿರುಗ್ತಿದೀಯ?"

ನಾನು ಸ್ಪೀಕರಿನ ಸದ್ದು ತಗ್ಗಿಸಿ ಗಾಡಿ ಮುಂದಕ್ಕೆ ಬಿಟ್ಟೆ. ಹಾಡಿನ ದಿನ ಅವರನ್ನು ಕರೆದುಕೊಂಡು ಹೋಗಲು ಇಂಜಿನಿಯರ್ ಕಾರು ಕಳಿಸಿದ, ಮುಂದಿನ ಸಾಲಿನಲ್ಲಿ ಮೆತ್ತನೆ ಸೀಟಿದೆ ಅಂತ ಹೇಳಿಸಿದ. ಅವರು ಹೋಗಲಿಲ್ಲ. ಅವನು ಬರಲಿ, ಕುರ್ಚಿ ಇಲ್ಲಿದೆ ಅಂದರು.

ನಾನು ಹೋದೆ. ಇಸ್ತ್ರಿ ಮಾಡಿಟ್ಟ ಅದೇ ಅಂಗಿ. ಬಾಗಿಲ ಹಿಂದೆ ನೇತಾಡಿ, ಹ್ಯಾಂಗರಿನ ತುದಿ ಒತ್ತಿ, ಭುಜದ ಹತ್ತಿರ ಕೊಂಬು ಬಂದಿತ್ತು. ಸಂಜೆಯಾದರೂ ಬಿಸಿಲು ಹೆಗಲ ಮೇಲೆ ಕೂತಿತ್ತು. ವೇದಿಕೆ ಹಿಂದಿನ ಗೇಟಿನಲ್ಲಿ, ನಾನು ಅವನ ಗೆಳೆಯ ಅಂದೆ. ಕಾವಲಿನವನು ಮೈದಾನದತ್ತ ಕೈ ತೋರಿಸಿ, ಅವರೆಲ್ಲ ಗೆಳೆಯರೇ, ಹೋಗಿ ಅವರ ಜೊತೆ ನಿಲ್ಲು ಅಂದ. ನಿಂತೆ. ಪಕ್ಕದಲ್ಲಿ ಒಬ್ರೆಗೊನ್ ಊರಿನಿಂದ ಬಂದ ಒಬ್ಬ ಹುಡುಗಿ, ತಲೆಗೆ ಬಿಳಿ ಟೋಪಿ, ಎವೆಲಿಯೋ ಬಗ್ಗೆ ಅವಳಿಗೆ ಗೊತ್ತಿಲ್ಲದ್ದೇ ಇಲ್ಲ. ಅವನಿಗೆ ಸಿಹಿ ಇಷ್ಟ ಇಲ್ಲ ಅಂತ ನನಗೇ ಹೇಳಿದಳು. ಬೆಲ್ಲ ತುಂಬಿದ ಮೂರು ಕೊಯೋತಾ ರೊಟ್ಟಿ ಕದ್ದು ತಿಂದು ನನ್ನ ಹೆಸರು ಹೇಳಿದವನು ಅವನು.

ಅವನು ಬಂದಾಗ ನೆಲ ನಡುಗಿತು. ಸಣ್ಣಗಾಗಿದ್ದ. ಎರಡು ಕಿವಿಯಲ್ಲೂ ಏನೋ ಸಿಕ್ಕಿಸಿಕೊಂಡಿದ್ದ. ಜನರ ಗದ್ದಲ ಕೇಳದೆ ತಾಳ ಮಾತ್ರ ಕೇಳಲಿ ಅಂತ ಹಾಕಿಕೊಳ್ಳುತ್ತಾರಂತೆ. ಹಾಡಿನ ಮೇಲೆ ಹಾಡು ಹಾಡಿದ, ನಡುವೆ ಮಾತಿಲ್ಲ. ಅಷ್ಟರಮಟ್ಟಿಗೆ ಅವನೇ.

ಕುರ್ಚಿ ಹಾಡು ಬಂತು. ಮೊದಲ ಚರಣ, ಗಿಟಾರು, ಆಮೇಲೆ ಇಡೀ ಮೈದಾನ ಒಂದೇ ಬಾಯಿಯಾಗಿ ತಾಳಕ್ಕೆ ಸರಿಯಾಗಿ ಕೂಗಿತು: ಯಾರೂ ಅಲ್ಲಾಡ್ಬೇಡಿ, ಅಳೋದಕ್ಕೆ ಮಾತ್ರ ಪರ್ಮಿಷನ್ ಇದೆ. ಚೆನ್ನಾಗಿಯೇ ಕೂಗಿದರು. ನನ್ನ ಅವಶ್ಯಕತೆ ಇಲ್ಲಿ ಯಾರಿಗೂ ಇರಲಿಲ್ಲ. ಸರಿ, ಎರಡನೇ ಚರಣ ಎತ್ತಿಕೊಳ್ಳುತ್ತಾನೆ ಅಂದುಕೊಂಡೆ.

ಎತ್ತಿಕೊಳ್ಳಲಿಲ್ಲ. ಕೈಯನ್ನು ತಂತಿಯಿಂದ ಮೇಲೆತ್ತಿದ. ಕಹಳೆಯವರು ಕಹಳೆ ಇಳಿಸಿದರು. ಅಷ್ಟು ಜನರೂ ಉಸಿರು ಹಿಡಿದರು.

ಹುಡುಗಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಈಗ ಸುಮ್ನಿರ್ಬೇಕು. ಪ್ರತಿ ಊರಲ್ಲೂ ಹೀಗೇ ನಿಲ್ಲಿಸ್ತಾನೆ. ಯಾವ್ದೋ ಹುಡುಗಿ ತೀರ್ಕೊಂಡಿದಾಳಂತೆ, ಅವಳಿಗೋಸ್ಕರ."

ನನಗೆ ಗೊತ್ತಿತ್ತು ಅದು ಯಾರಿಗೋಸ್ಕರ ಅಂತ. ಮಾಂಸ ತುಂಬಿದ ಬಾಯಿಗೋಸ್ಕರ. ಕಂಪನಿಯವರು ಕತ್ತರಿಸಿ ಎಸೆದ ಆ ಖಾಲಿ ಜಾಗವನ್ನು ಇವನು ಊರೂರಿಗೆ ಹೊತ್ತುಕೊಂಡು ಹೋಗಿದ್ದಾನೆ, ಅಜ್ಜಿ ಕುರ್ಚಿ ಹಾಕುವ ಹಾಗೆ ಪ್ರತಿ ಸಂಜೆ ಹಾಕಿ ಕಾದಿದ್ದಾನೆ. ಇಷ್ಟು ಯೋಚನೆ ಮಾಡುವಷ್ಟರಲ್ಲಿ ಅವನ ಕೈ ಇಳಿಯಿತು, ಎರಡನೇ ಚರಣ ಶುರುವಾಯಿತು. ನನ್ನ ಬಾಯಿ ತೆರೆದೇ ಇತ್ತು.

ಜನ ಬಿಡಲಿಲ್ಲ. ಕೊನೆಯಲ್ಲಿ ಅದೇ ಹಾಡು ಮತ್ತೆ ಬೇಕು ಅಂತ ಕಾಲು ಕುಟ್ಟಿದರು. ಅವನು ಮತ್ತೆ ಹಾಡಿದ. ಮೊದಲ ಚರಣವಿಡೀ ನಾನು ಎಂಜಲು ನುಂಗುತ್ತಾ ನಿಂತಿದ್ದೆ. ಮೈದಾನ ಕೂಗಿತು. ಅವನ ಕೈ ಮೇಲೆದ್ದಿತು. ಎಲ್ಲೂ ಸದ್ದಿಲ್ಲ.

ನಾನು ಕೂಗಿದೆ. ನನ್ನಲ್ಲಿದ್ದ ಎಲ್ಲ ಗಂಟಲನ್ನೂ ಹಾಕಿ, ಒಬ್ಬನೇ, ಲೇಟಾಗಿ. ಮೈಕಿಲ್ಲದ ನನ್ನ ದನಿ ಇಷ್ಟು ಚಿಕ್ಕದು ಅಂತ ನನಗೆ ಗೊತ್ತಿರಲಿಲ್ಲ. ಕೊನೆಯ ಮಾತಿಗೆ ಒಡೆದೂ ಹೋಯಿತು.

ಸುತ್ತಲಿನವರು ಶಿಳ್ಳೆ ಹೊಡೆದರು, ಯಾರೋ ಬಾಟಲಿಯ ಮುಚ್ಚಳ ಎಸೆದರು. ಹುಡುಗಿ ನನ್ನ ಬೆನ್ನಿಗೆ ಗುದ್ದಿದಳು. "ಕತ್ತೆ, ಸತ್ತ ಹುಡುಗಿಗೆ ಮರ್ಯಾದೆ ಕೊಡೋಕ್ಕಾಗಲ್ವಾ ನಿಂಗೆ?"

"ಆ ಹುಡುಗಿ ನಾನೇ ಕಣಮ್ಮಾ" ಅಂದೆ. ಅವಳಿಗೆ ನಗು ಬರಲಿಲ್ಲ.

ವೇದಿಕೆಯ ಮೇಲೆ ಎವೆಲಿಯೋ ಒಂದು ಕಿವಿಯದನ್ನು ಕಿತ್ತ. ದೀಪಕ್ಕೆ ಅಡ್ಡವಾಗಿ ಹಣೆಗೆ ಕೈ ಇಟ್ಟು ಹುಡುಕಿದ, ನಾನಿದ್ದ ಕಡೆಯಲ್ಲ, ಇನ್ನೊಂದು ಪಕ್ಕ. ಕೈ ಎತ್ತಿ ಬೀಸಿದೆ. ಅಲ್ಲಿ ಎಲ್ಲರ ಕೈಯೂ ಮೇಲೇ ಇತ್ತು. ಅವನು ಮೈಕಿಗೆ ಬಾಯಿ ತಂದ.

"ಲೇಟು ಕಣೋ."

ಯಾವನೋ ಕುಡುಕನಿಗೆ ಹೇಳಿದ್ದು ಅಂದುಕೊಂಡು ಮೈದಾನವೆಲ್ಲ ನಕ್ಕಿತು. ಅವನೂ ಮೂಗಿನಲ್ಲಿ ನಕ್ಕ, ಅದು ದೊಡ್ಡ ಸ್ಪೀಕರುಗಳಲ್ಲಿ ಕೇಳಿಸಿತು. ಎರಡನೇ ಚರಣದ ಮೊದಲ ಸಾಲು ಅವನಿಗೆ ನೆನಪಾಗಲಿಲ್ಲ. ಜನವೇ ಹಾಡಿ ದಾಟಿಸಿದರು.

ಹಿಂದಿನ ಗೇಟಿಗೆ ಓಡಿದೆ. ನನಗಿಂತ ಮೊದಲು ಅರ್ಧ ಊರು ಅಲ್ಲಿತ್ತು. ಕಪ್ಪು ಗಾಜಿನ ವ್ಯಾನುಗಳು ಒಂದರ ಹಿಂದೊಂದು ಹೊರಬಂದವು. ಮರುದಿನ ಅವನು ಎರ್ಮೊಸಿಯೋ ಊರಿನಲ್ಲಿ ಹಾಡಬೇಕಿತ್ತು. ಯಾವ ವ್ಯಾನಿನಲ್ಲಿದ್ದನೋ, ನಾನು ಎಲ್ಲದಕ್ಕೂ ಕೈ ಬೀಸಿದೆ. ನಮ್ಮ ಓಣಿಯ ತಿರುವಿನ ಹತ್ತಿರ ಮೊದಲನೆಯದರ ಬ್ರೇಕಿನ ದೀಪ ಒಮ್ಮೆ ಕೆಂಪಗಾಯಿತು. ಅಲ್ಲಿ ರಸ್ತೆಯಲ್ಲಿ ಒಂದು ಗುಂಡಿಯೂ ಇದೆ. ತಿರುಗಲಿಲ್ಲ, ಹೆದ್ದಾರಿಗೆ ಹೋದವು.

ದೋನ್ಯಾ ಲಿಬ್ರಾದಾ ಹೊರಗೇ ಕೂತಿದ್ದರು. ಮೂರು ಕುರ್ಚಿಯೂ ಹಾಕಿತ್ತು. ಈ ದಿನಕ್ಕೆ ಅಂತ ಮೂರನ್ನೂ ತೊಳೆದಿದ್ದರು, ಕಾಲುಗಳ ಬುಡದಲ್ಲಿ ಇನ್ನೂ ಒದ್ದೆ.

"ಬರ್ತಾನಾ?"

"ಲೇಟಾಗುತ್ತಂತೆ" ಅಂದೆ. ಅಂದದ್ದು ಅವರಿಗೆ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ದನಿ ಪೂರ್ತಿ ಹೋಗಿತ್ತು. ಇನ್ನೊಂದು ಸಲ ಹೇಳಿದೆ, ಗಾಳಿ ಬಂತು. ಅವರು ನನ್ನ ತುಟಿ ನೋಡಿ ತಲೆಯಾಡಿಸಿದರು. ಕೂತ್ಕೋ ಅಂದರು, ಯಾವುದರ ಮೇಲೆ ಅಂತ ಹೇಳಲಿಲ್ಲ.

ನಾನು ಬಕೆಟ್ಟು ಬೋರಲು ಹಾಕಿ ಕೂತೆ. ಮೈದಾನದಿಂದ ಮನೆಗೆ ಹೋಗುವ ಗಾಡಿಗಳು ನಮ್ಮ ಮುಂದೆಯೇ ಸಾಗುತ್ತಿದ್ದವು, ಎಲ್ಲದರಲ್ಲೂ ಅದೇ ಹಾಡು. ಆ ರೇಡಿಯೋದವನ ಕೂಗು ಪ್ರತಿ ಗಾಡಿಯಲ್ಲೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಪ್ರತಿ ಸಲವೂ ಅದು ಬಿದ್ದ ಮೇಲೆ ದೋನ್ಯಾ ಲಿಬ್ರಾದಾ ನನ್ನ ಕಡೆ ತಿರುಗಿ ಒಂದು ಗಳಿಗೆ ಕಾಯುತ್ತಿದ್ದರು.