ಅಜೀಮನ ಪಾಲಿನ ಬೋಗುಣಿ

ಫಕ್ರುದ್ದೀನರು ಇನ್ನಿಲ್ಲವೆಂಬ ಸುದ್ದಿ ಗೋಗಿ ಊರಿಗೆ ಬಂದಾಗ ಅವರ ಹೆಂಡತಿ ಆಮೀನಾ ಹಿತ್ತಲಲ್ಲಿ ಕುಳಿತು ಒಂದು ಬೋಗುಣಿ ತಿಕ್ಕುತ್ತಿದ್ದಳು. ಅದು ಹೋದ ವರ್ಷದ ಮಾತು. ಬಕ್ರೀದ್ ಮುಗಿದು ನಾಲ್ಕು ದಿನವಾಗಿತ್ತು. ಮಗ ಮುಜಫರ ಯಾದಗಿರಿಯ ಆಸ್ಪತ್ರೆಯಿಂದ ಫೋನು ಮಾಡಿದ. ಮೊದಲು ಅತ್ತ. ಆಮೇಲೆ, “ಅಮ್ಮೀ, ಅಬ್ಬಾ ಏನ್ ತಿಂದಿದ್ರು ಅಂತ ಡಾಕ್ಟರು ಕೇಳಾಕತ್ತಾರ” ಎಂದ.

ಆಮೀನಾ ಕೈಯಲ್ಲಿದ್ದ ಬೋಗುಣಿಯನ್ನು ನೋಡಿದಳು. ಗಡಿಬಿಡಿಯಲ್ಲಿ ಎರಡು ದಿನ ತೊಳೆಯದೆ ಬಿದ್ದಿದ್ದ ಅದರ ತಳಕ್ಕೆ ಮಸಾಲೆಯ ಎಣ್ಣೆ ಇನ್ನೂ ಅಂಟಿಕೊಂಡಿತ್ತು. ಉತ್ತರ ಅವಳ ಕೈಯಲ್ಲೇ ಇತ್ತು.

ಅದು ಅಜೀಮನ ಪಾಲಿನ ಬೋಗುಣಿ. ಹಬ್ಬದ ಅಡುಗೆ ಇಳಿಸಿದ ಕೂಡಲೇ, ಬರಬೇಕಾದವರ ಪಾಲನ್ನು ಎತ್ತಿಡುವ ಪದ್ಧತಿ ಆ ಮನೆಯಲ್ಲಿ ಅತ್ತೆಯ ಕಾಲದಿಂದ ಇತ್ತು. ಎತ್ತಿಟ್ಟದ್ದನ್ನು ಅವರು ಬರುವ ತನಕ ಯಾರೂ ಮುಟ್ಟುವಂತಿಲ್ಲ, ಮುಚ್ಚಳ ಸಹ ತೆಗೆಯುವಂತಿಲ್ಲ. ಫಕ್ರುದ್ದೀನರ ತಮ್ಮ ಅಜೀಮ ಹಬ್ಬದ ಸಂಜೆಗೆ ಹೈದರಾಬಾದಿನಿಂದ ಬರುತ್ತೇನೆಂದಿದ್ದ. ಫ್ರಿಜ್ಜಿನಲ್ಲಿ ಹಂಚಬೇಕಾದ ಹಸಿ ಮಾಂಸ ತುಂಬಿ ಬಾಗಿಲು ಮುಚ್ಚಲೂ ಬರುತ್ತಿರಲಿಲ್ಲ. ಆಮೀನಾ ಬೋಗುಣಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು. ಅಜೀಮ ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ರಜೆ ಸಿಗಲಿಲ್ಲವೆಂದು ಫೋನು ಮಾಡಿದ.

“ತಮ್ಮನ ಪಾಲು ಅಂದ್ರ ನನ್ನ ಪಾಲೇ ತಗೊ” ಎಂದು ಫಕ್ರುದ್ದೀನರು ನಕ್ಕರು. “ದೇವರು ಕೊಟ್ಟ ನ್ಯಾಮತ್, ವರ ಅದ. ಚೆಲ್ಲಬ್ಯಾಡ.”

ಆಮೀನಾ ಮೂಸಿ ನೋಡಿದಳು. ಲವಂಗ, ದಾಲ್ಚಿನ್ನಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ತುಸು ಬೆಚ್ಚಗೆ ಮಾಡಿ ಬಡಿಸಿದಳು. ಅವರು ರೊಟ್ಟಿಯೊಂದಿಗೆ ಬೋಗುಣಿ ಬರಿದಾಗುವಷ್ಟು ಉಂಡರು. ಸಂಜೆಯಿಂದ ವಾಂತಿ, ಭೇದಿ. ಮೊದಲೇ ಸಕ್ಕರೆ ಕಾಯಿಲೆಯ ದೇಹ. “ಅಜೀರ್ಣ ಆಗ್ಯದ, ಸೋಡಾ ಕುಡದ್ರ ಇಳೀತದ” ಎಂದು ಒಂದು ದಿನವಿಡೀ ಚಾಪೆಯ ಮೇಲೆ ಮಲಗಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೈಯ ನೀರೆಲ್ಲ ಹೋಗಿತ್ತು.

ಅಂದಿನಿಂದ ಆ ಬೋಗುಣಿ ಗೂಡಿನಲ್ಲಿ ಬೋರಲಾಗಿ ಕುಳಿತಿತ್ತು. ಆಮೀನಾ ಐದು ಹೊತ್ತು ನಮಾಜು ಮಾಡುತ್ತಿದ್ದಳು. ಐದು ಹೊತ್ತೂ ಅಲ್ಲಾಹನ ಮುಂದೆ ಒಂದೇ ಮಾತು ಇಡುತ್ತಿದ್ದಳು: ನನ್ನ ಕೈಯಾರೆ ಕೊಂದೆನೇ?

ಈ ವರ್ಷ ಮತ್ತೆ ಬಕ್ರೀದ್ ಬಂತು. ಹಬ್ಬದ ಮರುದಿನ ಮಧ್ಯಾಹ್ನ ಸೊಸೆ ಗುಲ್ನಾಜ್ ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದಳು. ನಿನ್ನೆಯ ಮಾಂಸದ ಅಡುಗೆ. ಅದನ್ನು ನೋಡಿದ ಆಮೀನಾಳ ಮುಖ ಬಿಳಿಚಿತು. ಡಬ್ಬಿ ಕಿತ್ತುಕೊಂಡು ಹಿತ್ತಲಿಗೆ ನಡೆದಳು, ಬೇವಿನ ಗಿಡದ ಬುಡದಲ್ಲಿ ಗುದ್ದಲಿಯಿಂದ ತಗ್ಗು ತೋಡತೊಡಗಿದಳು.

ಅದೇ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಪರಿಮಳಾ ಬಂದಳು. ಫಕ್ರುದ್ದೀನರ ಸಾವಿನ ನಂತರ ಹಬ್ಬದ ದಿನಗಳಲ್ಲಿ ಮನೆಮನೆಗೆ ಓಆರ್‌ಎಸ್ ಪುಡಿಯ ಪೊಟ್ಟಣ ಹಂಚುವುದು ಅವಳ ರೂಢಿ.

“ಚಾಚಿ, ಏನ್ ಹೂಳಾಕತ್ತೀರಿ?”

“ವಿಷ” ಎಂದಳು ಆಮೀನಾ.

“ಪರಿಮಳಕ್ಕ, ನೀವರ ಹೇಳ್ರಿ” ಎಂದು ಗುಲ್ನಾಜ್ ಓಡಿ ಬಂದಳು. “ನಿನ್ನೆ ಮಾಡಿದ್ದು. ಅಮ್ಮೀ ನನ್ನ ಮಾತ ಕೇಳವಲ್ರು.”

ಪರಿಮಳಾ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಅದು ತಣ್ಣಗೆ ಕೊರೆಯುತ್ತಿತ್ತು. “ಒಲಿ ಮ್ಯಾಲಿಂದ ಇಳಿಸಿ ಎಷ್ಟೊತ್ತಿಗೆ ಫ್ರಿಜ್‌ನ್ಯಾಗ ಇಟ್ಟಿ?”

“ಒಂದು ತಾಸಿನೊಳಗ್ರಿ. ಹೋದ ವರ್ಷದ ಭಯ ನನಗೂ ಅದಲ್ರಿ. ಅಗಲ ತಾಟಿನ್ಯಾಗ ಹರವಿ, ಆರಿದ ಕೂಡ್ಲೇ ಇಟ್ಟೆ. ಹಸೀ ಗೋಷ್ತು ಮೊದಲೇ ಹಂಚಿ ಜಾಗ ಮಾಡಿದ್ದೆ.”

“ಕರೆಂಟು ಹೋಗಿತ್ತೇನು?”

“ಅರ್ಧ ತಾಸು. ಬಾಗಿಲ ತೆಗೀಲಿಲ್ಲ.”

“ಏನವ್ವಾ, ಪೊಲೀಸರಂಗ ಕೇಳ್ತಿ” ಎಂದು ಆಮೀನಾ ಸಿಡುಕಿದಳು. “ಅದು ನಿನ್ನೇದು. ನಿನ್ನೇದು ಈ ಮನ್ಯಾಗ ಬ್ಯಾಡ.”

“ಚಾಚಿ, ಇದನ್ನ ಹೂಳಿದ್ರ ಕುರ್ಬಾನಿ ಕೊಟ್ಟ ಆಡು ಎರಡು ಸಲ ಸತ್ತಂಗ ಆಗ್ತದ. ಇದು ಕೆಟ್ಟಿಲ್ಲ. ಬಿಸಲ ನಾಡಿನ್ಯಾಗ ಅಡಗಿ ಕೆಡಸೋದು ದಿನ ಅಲ್ರಿ, ಹೊರಗ ಇಡೋ ತಾಸು. ಇದು ಹೊರಗ ಕುಂತಿಲ್ಲ.”

ಆಮೀನಾಳ ಗುದ್ದಲಿ ನಿಂತಿತು. ಒಂದು ವರ್ಷದಿಂದ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದಳು.

“ಹಂಗಾರ ಅವತ್ತು ನಾ ಬೆಚ್ಚಗ ಮಾಡೋ ಬದಲಿ, ಕೊತಕೊತ ಕುದಿಸಿದ್ರ ಅವರು ಉಳೀತಿದ್ರೇನು?”

ಪರಿಮಳಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಅದನ್ನ ನಂಬಂಗಿಲ್ಲ ಚಾಚಿ. ಎರಡು ದಿನ ಸೆಕಿಯೊಳಗ ಕುಂತದ್ದು. ಕುದಿಸಿದ್ರ ಕಣ್ಣಿಗೆ ಕಾಣದ ಹುಳ ಸಾಯಬಹುದು, ಅವು ಬಿಟ್ಟ ವಿಷ ಎಲ್ಲಾ ಸಾಯಂಗಿಲ್ಲ. ವಾಸನಿಗೂ ಗೊತ್ತಾಗಂಗಿಲ್ಲ. ಅದನ್ನ ಚೆಲ್ಲಬೇಕಿತ್ತು.”

“ಚೆಲ್ಲಬೇಕಿತ್ತು” ಎಂದಳು ಆಮೀನಾ. “ನ್ಯಾಮತ್ ಚೆಲ್ಲಬ್ಯಾಡ ಅಂದ್ರು. ನಾನೂ ಹೂಂ ಅಂದೆ.”

“ಜೀವಾನೂ ನ್ಯಾಮತೇ ಅಲ್ಲೇನ್ರಿ?”

ಆ ಮಾತಿಗೆ ಆಮೀನಾ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಪರಿಮಳಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. “ನಿಮಗ ಗೊತ್ತಿರಲಿಲ್ಲ. ಮನಿಮನಿಗೆ ಹೇಳಾಕ ನಾನೂ ಅವಾಗ ಬಂದಿರಲಿಲ್ಲ. ಅದು ನನ್ನ ಎದ್ಯಾಗೂ ಅದ ಚಾಚಿ” ಎಂದಷ್ಟೇ ಹೇಳಿದಳು.

ಮೊಮ್ಮಗಳು ಕಹಕಶಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಹತ್ತು ವರ್ಷದ ಆ ಹುಡುಗಿಗೆ ಹಸಿವಾಗಿತ್ತು. “ದಾದಿ, ಅದನ್ನ ಹಾಕಿ ನೂಡಲ್ಸ್ ಮಾಡ್ರಿ. ಶಹಾಪುರದಾಗ ಬಂಡಿಯವ ಮಾಡ್ತಾನಲ್ಲ, ಹಂಗ.”

“ಕುರ್ಬಾನಿ ಗೋಷ್ತು ಚೀನಾದೋರ ಶಾವಿಗ್ಯಾಗ ಹಾಕ್ತೀ? ನಿಮ್ಮ ದಾದಾ ಕೇಳಿದ್ರ…” ಎಂದ ಆಮೀನಾ ಅಲ್ಲೇ ಮಾತು ನಿಲ್ಲಿಸಿದಳು. ದಾದಾ ಕೇಳುವಂತಿರಲಿಲ್ಲ.

“ಹುಡುಗಿ ಹೇಳಿದ್ದು ಖರೇ ಅದ” ಎಂದಳು ಪರಿಮಳಾ. “ದಿನಾ ಅದೇ ಸಾರು ಅಂದ್ರ ಮಕ್ಕಳು ಉಣ್ಣಂಗಿಲ್ಲ, ಉಳೀತದ, ಮತ್ತ ಕೆಡ್ತದ. ಸ್ವಾದ ಬದಲಾದ್ರ ಇವತ್ತೇ ಮುಗೀತದ.”

ಗುಲ್ನಾಜ್ ಅಂಗಡಿಯಿಂದ ಸಾದಾ ನೂಡಲ್ಸ್ ಪಾಕೀಟು ತಂದಳು. ಡಬ್ಬಿಯಲ್ಲಿದ್ದುದನ್ನು ಮೊದಲು ತಳದಿಂದ ಗುಳ್ಳೆ ಏಳುವವರೆಗೆ, ಪ್ರತಿ ತುಂಡಿನಿಂದ ಹಬೆ ಬರುವವರೆಗೆ ಕುದಿಸಿದರು. ಆಮೀನಾ ಒಲೆಯ ಬಳಿಯಿಂದ ಕದಲಲಿಲ್ಲ. “ಇನ್ನಷ್ಟು, ಇನ್ನಷ್ಟು” ಎನ್ನುತ್ತಲೇ ಇದ್ದಳು. ಆಮೇಲೆ ತುಂಡುಗಳನ್ನು ಎತ್ತಿ, ಮೂಳೆ ತೆಗೆದು, ಎಳೆ ಎಳೆಯಾಗಿ ಬಿಡಿಸಿದರು. ನೂಡಲ್ಸನ್ನು ಉಪ್ಪುನೀರಿನಲ್ಲಿ ತುಸು ಗಟ್ಟಿ ಇರುವಾಗಲೇ ಬಸಿದು, ಅಂಟದಂತೆ ಒಂದು ಚಮಚ ಎಣ್ಣೆ ಸವರಿದರು. ದೊಡ್ಡ ಕಡಾಯಿಯಲ್ಲಿ ಬಳ್ಳೊಳ್ಳಿ, ಹಸಿಮೆಣಸು, ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಎಲೆಕೋಸು, ಗಜ್ಜರಿ ಬಿದ್ದವು. ಜೋರು ಉರಿಯಲ್ಲಿ ಮಾಂಸ, ನೂಡಲ್ಸ್, ಒಂದಿಷ್ಟು ಸೋಯಾ ಸಾಸ್, ನಾಲ್ಕು ಹನಿ ವಿನೆಗರ್, ಮೆಣಸಿನ ಪುಡಿ. ಅರ್ಧ ತಾಸಿನ ಕೆಲಸ. ನಿನ್ನೆ ಉಳಿದದ್ದು ಇಂದು ಎಲ್ಲರಿಗೂ ಸಾಕಾಯಿತು.

“ಬಂಡಿಯವನಕಿಂತ ಚಲೋ ಆಗ್ಯದ ದಾದಿ” ಎಂದು ಕಹಕಶಾ ಸುರ್ ಎಂದು ಎಳೆದುಕೊಂಡಳು.

ಬಡಿಸುತ್ತಿದ್ದ ಆಮೀನಾಳ ಕೈ ತನ್ನಷ್ಟಕ್ಕೆ ಗೂಡಿನತ್ತ ಹೋಯಿತು. ಬೋರಲಾಗಿದ್ದ ಬೋಗುಣಿಯನ್ನು ತೆಗೆದು, ತೊಳೆದು, ಅದಕ್ಕೆ ಒಂದು ಪಾಲು ಹಾಕಿದಳು. ಮುಚ್ಚಳ ಇಡಲು ಹೋದವಳು ನಿಂತಳು. ಇನ್ನು ಯಾರಿಗಾಗಿ ಎತ್ತಿಡುವುದು? ಬಾರದವನು ಬರುವುದಿಲ್ಲ. ಹೋದವರೂ ಬರುವುದಿಲ್ಲ.

ಆಮೀನಾ ಬೋಗುಣಿಯನ್ನು ಸೆರಗಿನಲ್ಲಿ ಹಿಡಿದು ಪಕ್ಕದ ಮನೆಗೆ ನಡೆದಳು. ಅಲ್ಲಿ ದಸ್ತಗೀರಸಾಬರು, ಗಂಡನ ಜನಾಜಾಕ್ಕೆ ಮೊದಲು ಹೆಗಲು ಕೊಟ್ಟವರು, ಕಟ್ಟೆಯ ಮೇಲೆ ಕುಳಿತಿದ್ದರು.

“ಭಾಯಿ, ಬಿಸಿ ಅದ. ಇಡಬ್ಯಾಡ್ರಿ, ಈಗಿಂದೀಗ ಉಣ್ರಿ. ನೀವು ಉಣ್ಣೂ ತನಕ ನಾ ಇಲ್ಲೇ ನಿಂದರ್ತೀನಿ.”

ಅವರು ಉಂಡರು. ಅವಳು ನಿಂತೇ ಇದ್ದಳು. ಬರಿದಾದ ಬೋಗುಣಿಯನ್ನು ತಂದು ತೊಳೆದು, ಈ ಸಲ ನೆಟ್ಟಗೆ ಇಟ್ಟಳು. ಅವಳ ದುಃಖ ಕಡಿಮೆಯಾಗಲಿಲ್ಲ. ಒಂದು ವರ್ಷ ತಡವಾಗಿ ಬಂದ ತಿಳಿವಳಿಕೆ ಯಾರ ದುಃಖವನ್ನು ಕಡಿಮೆ ಮಾಡೀತು?

ಇದನ್ನು ಓದುವ, ಕೇಳುವ ತಾಯಂದಿರೇ, ಅಣ್ಣತಮ್ಮಂದಿರೇ, ಹಬ್ಬ ಯಾವ ಧರ್ಮದ್ದಾದರೂ ಅಡುಗೆ ಉಳಿಯುತ್ತದೆ. ನಿಮಗೆ ಈ ತಿಳಿವಳಿಕೆ ತಡವಾಗದಿರಲಿ. ಬೇಯಿಸಿದ್ದನ್ನು ಒಂದು ತಾಸಿನೊಳಗೆ ಆರಿಸಿ ಫ್ರಿಜ್ಜಿನಲ್ಲಿಡಿ. ಅಲ್ಲಿ ಜಾಗವಿಲ್ಲದಿದ್ದರೆ ಎತ್ತಿಡಬೇಡಿ, ಬಿಸಿಯಿರುವಾಗಲೇ ನೆರೆಯವರಿಗೆ ಕೊಡಿ. ಮರುದಿನ ಚೆನ್ನಾಗಿ ಕುದಿಸಿ, ಹೊಸ ರುಚಿ ಕೊಟ್ಟು, ಒಂದೇ ಸಲಕ್ಕೆ ಮುಗಿಸಿರಿ. ಹೊರಗೆ ಉಳಿದುಹೋದದ್ದನ್ನು ಮೂಸಿ ನೋಡಿ ನಂಬಬೇಡಿ, ಮಣ್ಣಿಗೆ ಹಾಕಿರಿ. ದೇವರು ಅದಕ್ಕೆ ಸಿಟ್ಟಾಗುವುದಿಲ್ಲ. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ, ಸೋಡಾ ಕುಡಿಸಿ ಕಾಯಬೇಡಿ. ಬಾರದವನ ಪಾಲನ್ನು ಇರುವವನಿಗೆ ಉಣಿಸಿರಿ.

ಯಾ ಅಲ್ಲಾಹ್, ಉಣ್ಣುವ ಅನ್ನವನ್ನು ಗೌರವಿಸಿ ಜೀವ ಬಿಟ್ಟ ಫಕ್ರುದ್ದೀನರ ತಪ್ಪುಗಳನ್ನು ಕ್ಷಮಿಸು. ಅವರ ಕಬರನ್ನು ತಂಪಾಗಿಡು, ಬೆಳಕಿನಿಂದ ತುಂಬು. ತಿಳಿಯದೆ ಬಡಿಸಿದ ಕೈಯನ್ನೂ ಕ್ಷಮಿಸು. ಹೋದವರ ಆತ್ಮಕ್ಕೆ ಶಾಂತಿ ಕೊಡು. ಆಮೀನ್.